ಬಾಂಡ್ ಬರುವ ಮೊದಲು ಹತ್ತಿ ಬರುತ್ತದೆ

ರಾಯಚೂರು ಜಿಲ್ಲೆಯ ಪಾಮನಕಲ್ಲೂರು ಅಂದರೆ ನಿಮ್ಮಲ್ಲಿ ಹಲವರಿಗೆ ನೆನಪಾಗುವುದು ನೀರಿನ ಹೋರಾಟ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಆಗಲೇಬೇಕೆಂದು 2020ರ ಕೊನೆಯಲ್ಲಿ ಈ ಊರಿನಲ್ಲಿ ರೈತರು ಧರಣಿ ಕೂತರು, ತಿಂಗಳುಗಟ್ಟಲೆ ಏಳಲಿಲ್ಲ. 2021ರ ಮಸ್ಕಿ ಉಪಚುನಾವಣೆಗೆ ಬಂದ ನಾಯಕರೆಲ್ಲ ಆ ಕಾಲುವೆಯ ಮಾತಾಡಿಯೇ ಮುಂದೆ ಹೋಗಬೇಕಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ ಸಿಂಧನೂರಿನ ಕಡೆ ಭತ್ತ. ಇತ್ತ, ಮೊದಲು ಲಿಂಗಸುಗೂರಿಗೆ ಸೇರಿದ್ದು ಈಗ ಮಸ್ಕಿ ತಾಲ್ಲೂಕಿಗೆ ಬಂದಿರುವ ಈ ಸೀಮೆಯಲ್ಲಿ ಮಳೆ ನಂಬಿದ ಹತ್ತಿ, ತೊಗರಿ, ಸಜ್ಜೆ. ಮಳೆ ಕೈಕೊಟ್ಟರೆ ಗುಳೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಕಾಲುವೆಯ ಬಗ್ಗೆ ಅಲ್ಲ. ಅದೇ ಒಣಭೂಮಿಯ ಮನೆಗಳಲ್ಲಿ ಬೆಳೆಯುತ್ತಿರುವ ಎಂಟು, ಒಂಬತ್ತು, ಹತ್ತನೇ ತರಗತಿಯ ಹುಡುಗಿಯರ ಬಗ್ಗೆ, ಅವರನ್ನು ಶಾಲೆಯಲ್ಲಿ ಉಳಿಸಲೆಂದು ಸರ್ಕಾರ ಕೊಡುವ ಹಣದ ಬಗ್ಗೆ. ಆ ಹಣ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇದು ಅಧಿಕಾರಿಗಳಿಗೆ, ಅರ್ಥಶಾಸ್ತ್ರಜ್ಞರಿಗೆ ಬಿಟ್ಟ ವಿಷಯ ಎಂದು ನಾವು ಸುಮ್ಮನಿದ್ದೇವೆ. ಸುಮ್ಮನಿರಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ಹತ್ತಿಯ ಲೆಕ್ಕ. ದಸರೆ ಮುಗಿಯುವಷ್ಟರಲ್ಲಿ ಹತ್ತಿ ಒಡೆಯತೊಡಗುತ್ತದೆ. ಅಲ್ಲಿಂದ ಸಂಕ್ರಾಂತಿ ದಾಟುವ ತನಕ ಬಿಡಿಸುವ ಕೆಲಸ. ಕೂಲಿ ಕಿಲೋ ಲೆಕ್ಕದಲ್ಲಿ. ಕಿಲೋ ಲೆಕ್ಕದ ಕೆಲಸದಲ್ಲಿ ಯಾರೂ ವಯಸ್ಸು ಕೇಳುವುದಿಲ್ಲ, ತೂಕ ಕೇಳುತ್ತಾರೆ. ಬೆಳಿಗ್ಗೆ ಓಣಿಯ ಬಾಯಿಗೆ ಕೂಲಿಯವರನ್ನು ಒಯ್ಯುವ ಟಂಟಂ ಬಂದು ನಿಂತಾಗ ತಾಯಿ ಒಬ್ಬಳೇ ಹತ್ತಿದರೆ ಒಂದು ಲೆಕ್ಕ, ಜೊತೆಗೆ ಮಗಳೂ ಹತ್ತಿದರೆ ಇನ್ನೊಂದು ಲೆಕ್ಕ. ಮಗಳು ಹತ್ತದಿದ್ದರೂ ಆಕೆ ಶಾಲೆಗೆ ಹೋದಳೆಂದಲ್ಲ; ಕೈಕೂಸು ಯಾರು ನೋಡಬೇಕು, ರೊಟ್ಟಿ ಯಾರು ಬಡಿಯಬೇಕು? ಹತ್ತಿ ಮುಗಿಯಿತು ಎನ್ನುವಾಗ ಮೆಣಸಿನಕಾಯಿ. ಅದರ ನಡುವೆ ನೀರಾವರಿ ಭಾಗಕ್ಕೆ ನಾಟಿಗೆ ಕರೆ. ಏನೂ ಇಲ್ಲದ ವರ್ಷ ಇಡೀ ಮನೆಯೇ ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ.

ಇಂಥ ಊರಿನ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಹಾಜರಿ ಪುಸ್ತಕ ತೆಗೆದು ಜುಲೈ ತಿಂಗಳ ಪುಟವನ್ನೂ ಡಿಸೆಂಬರ್ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೆಸರುಗಳು ಅವೇ. ಜುಲೈನಲ್ಲಿ ಸಾಲು ತುಂಬಿರುತ್ತದೆ. ನವೆಂಬರಿನಲ್ಲಿ ಒಂದು ಸೋಮವಾರ ಗೈರು, ಮುಂದಿನ ವಾರ ಎರಡು ದಿನ ಗೈರು, ಆಮೇಲೆ ಸಾಲಾಗಿ ಗೈರು. ಹುಡುಗಿ ನಡುವೆ ಬಂದು ಎರಡು ದಿನ ಕೂತಿರುತ್ತಾಳೆ. ಬೀಜಗಣಿತ ಅಷ್ಟರಲ್ಲಿ ಎಲ್ಲೋ ಮುಂದೆ ಹೋಗಿರುತ್ತದೆ. ತಿಳಿಯದ ಪಾಠದ ಮುಂದೆ ಕೂರುವುದಕ್ಕಿಂತ ಹೊಲವೇ ವಾಸಿ ಅನಿಸುತ್ತದೆ. ಸರ್ಕಾರಿ ದಾಖಲೆಯಲ್ಲಿ ಆಕೆ ಶಾಲೆ ಬಿಟ್ಟಳೆಂದು ಬರುವುದು ಮುಂದಿನ ಜೂನ್‌ಗೆ. ನಿಜವಾಗಿ ಬಿಟ್ಟದ್ದು ಹತ್ತಿಯ ಸುಗ್ಗಿಯಲ್ಲಿ, ದಿನಕ್ಕೊಂದಿಷ್ಟರಂತೆ. ಹಣ ಕೊಟ್ಟು ತಡೆಯಬೇಕಾದದ್ದು ಈ ನವೆಂಬರ್, ಡಿಸೆಂಬರ್‌ಗಳನ್ನು.

ಈಗ ನಮ್ಮ ರಾಜ್ಯ ಏನು ಕೊಟ್ಟಿತು ನೋಡೋಣ. 2006ರಲ್ಲಿ ಭಾಗ್ಯಲಕ್ಷ್ಮಿ ಬಂತು. 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ 10,000 ರೂಪಾಯಿ ಠೇವಣಿ ಇಟ್ಟಿತು. 2008ರ ಆಗಸ್ಟ್‌ನಿಂದ ಅದು ಮೊದಲ ಮಗುವಿಗೆ 19,300, ಎರಡನೆಯದಕ್ಕೆ 18,350 ಆಯಿತು. 18 ತುಂಬಿದಾಗ ಸುಮಾರು 1 ಲಕ್ಷ ಕೈಗೆ. ಮೊದಲ ಎರಡು ವರ್ಷದ ಕೂಸುಗಳಿಗೆ ಬರುವುದು ಅದಕ್ಕಿಂತ ಬಹಳ ಕಡಿಮೆ. ಷರತ್ತುಗಳಿದ್ದವು: ಜನನ ನೋಂದಣಿ, ಚುಚ್ಚುಮದ್ದು, ಅಂಗನವಾಡಿ, ಎಂಟನೇ ತರಗತಿಯವರೆಗೆ ಓದು, ದುಡಿಮೆಗೆ ಕಳಿಸಬಾರದು, 18ಕ್ಕೆ ಮುಂಚೆ ಮದುವೆ ಮಾಡಬಾರದು. ಮೂಲ ಯೋಜನೆಯಲ್ಲಿ ವರ್ಷವರ್ಷ ವಿದ್ಯಾರ್ಥಿವೇತನವೂ ಇತ್ತು. ಒಂದನೇ ತರಗತಿಗೆ 300 ರೂಪಾಯಿಯಿಂದ ಆರಂಭಿಸಿ ಒಂಬತ್ತು, ಹತ್ತಕ್ಕೆ 1,000 ರೂಪಾಯಿ.

ಊರಿನ ಮನೆಗಳಲ್ಲಿ ಇದಕ್ಕೆ ಯೋಜನೆ ಎಂಬ ಹೆಸರಿಲ್ಲ, 'ಬಾಂಡ್' ಅನ್ನುತ್ತಾರೆ. ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿರುವ ಬಾಂಡ್. ಹೆಣ್ಣು ಹುಟ್ಟಿದ್ದಕ್ಕೆ ಸರ್ಕಾರ ಒಂದು ಕಾಗದ ಕೊಟ್ಟಿತು ಎಂಬ ಗೌರವ ಸಣ್ಣದಲ್ಲ. ಜನನ ಪ್ರಮಾಣಪತ್ರವನ್ನೇ ಕಾಣದ ಓಣಿಗಳಲ್ಲಿ ಹೆಣ್ಣುಮಗುವಿಗೆ ಆ ಪತ್ರ ಬಂತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಶಾಲೆಯ ಮಟ್ಟಿಗೆ ಎರಡು ಸಂಗತಿಗಳನ್ನು ಗಮನಿಸಿ. ಓದಿನ ಷರತ್ತು ಎಂಟನೇ ತರಗತಿಗೆ ಮುಗಿಯುತ್ತದೆ, ಹುಡುಗಿಯರು ಜಾರತೊಡಗುವುದೋ ಅಲ್ಲಿಂದಲೇ. ಇನ್ನೊಂದು, ಹಣ ಬರುವ ಕಾಲ. ಒಂಬತ್ತನೇ ತರಗತಿಗೆ ವರ್ಷಕ್ಕೆ 1,000 ಅಂದರೆ, ಶಾಲಾ ದಿನ ಇನ್ನೂರು ಎಂದಿಟ್ಟುಕೊಂಡರೂ, ದಿನಕ್ಕೆ 5 ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ನಾಲ್ಕು ವರ್ಷದ ನಂತರ ಬರುವ ಲಕ್ಷ, ನಾಳೆ ಬೆಳಿಗ್ಗೆಯ ಟಂಟಂ ಎದುರು ನಿಲ್ಲಲಾರದು. ಬಡವರಿಗೆ ದೂರದೃಷ್ಟಿ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಶನಿವಾರ ಕಿರಾಣಿ ಅಂಗಡಿಯ ಬಾಕಿ ಕಟ್ಟಬೇಕಾದವರಿಗೆ ಶನಿವಾರ ಮೊದಲು ಬರುತ್ತದೆ, ಅಷ್ಟೇ.

18ಕ್ಕೆ ಬರುವ ಗಂಟಿನ ಮಿತಿಗೆ ಹರಿಯಾಣದ ಅನುಭವ ಸಾಕ್ಷಿ. ಅಲ್ಲಿ 1994ರಲ್ಲೇ 'ಅಪ್ನಿ ಬೇಟಿ ಅಪ್ನಾ ಧನ್' ಎಂಬ ಯೋಜನೆ ಬಂದಿತ್ತು. 2,500 ರೂಪಾಯಿಯ ಬಾಂಡ್, ಹುಡುಗಿ 18ರವರೆಗೆ ಮದುವೆಯಾಗದಿದ್ದರೆ 25,000. ಮೊದಲ ತಂಡಕ್ಕೆ 18 ತುಂಬಿದಾಗ ಸಂಶೋಧಕರು ಹಣ ಪಡೆದ ಮನೆಗಳನ್ನೂ, ಅಂಥವೇ ಆದರೂ ಪಡೆಯದ ಮನೆಗಳನ್ನೂ ಹೋಲಿಸಿ ನೋಡಿದರು. ಹುಡುಗಿಯರ ಓದು ಎಂಟನೆಯವರೆಗೆ ಸ್ವಲ್ಪ ಮುಂದೆ ಹೋಗಿತ್ತು. ಮದುವೆ ಮಾತ್ರ ಹಿಂದೆ ಸರಿಯಲಿಲ್ಲ. ಬಹಳಷ್ಟು ತಂದೆತಾಯಿಗಳು ಆ ಹಣವನ್ನು ಮದುವೆಯ ಖರ್ಚಿಗೆಂದೇ ತಿಳಿದಿದ್ದರು. ನಮ್ಮ ಬಾಂಡ್‌ಗೂ ಆ ಅಪಾಯವಿದೆ. 18ಕ್ಕೆ ಸರಿಯಾಗಿ ಕೈಗೆ ಬರುವ ಗಂಟು ಕಾಲೇಜಿನ ಶುಲ್ಕವಾಗುತ್ತದೋ ಚಪ್ಪರದ ಖರ್ಚಾಗುತ್ತದೋ ಎಂಬುದನ್ನು ಆ ಮನೆಯಲ್ಲಿ ಆಗ ನಡೆಯುವ ಮಾತು ತೀರ್ಮಾನಿಸುತ್ತದೆ.

ಹಾಗಾದರೆ ಭಾಗ್ಯಲಕ್ಷ್ಮಿಯಿಂದ ನಮ್ಮಲ್ಲಿ ಏನಾಯಿತು? ಇದಕ್ಕೆ ಉತ್ತರ ಹುಡುಕುವಾಗ ಒಂದು ತಪ್ಪು ದಾರಿ ಇದೆ, ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18ಕ್ಕೆ ಮೊದಲೇ ಮದುವೆಯಾದವರು ಶೇ 21.4. ಐದನೇ ಸುತ್ತಿನಲ್ಲಿ, ಅಂದರೆ 2019-20ರ ಹೊತ್ತಿಗೆ, ಶೇ 21.3. ನೋಡಿ, ಇಷ್ಟು ಕೋಟಿ ಖರ್ಚಾದರೂ ಏನೂ ಬದಲಾಗಿಲ್ಲ ಎನ್ನುವವರಿದ್ದಾರೆ. ಆದರೆ 2019ರಲ್ಲಿ 20 ತುಂಬಿದವರು ಹುಟ್ಟಿದ್ದು 1999ರಲ್ಲಿ ಅಥವಾ ಅದಕ್ಕೂ ಮೊದಲು. ಅವರಾರಿಗೂ ಬಾಂಡ್ ಇರಲೇ ಇಲ್ಲ! ಮೊದಲ ಬಾಂಡಿನ ಕೂಸುಗಳಿಗೆ 18 ತುಂಬಿದ್ದು 2024ರಲ್ಲಿ, 20 ತುಂಬುವುದು 2026ರಲ್ಲಿ. ಆ ಯೋಜನೆಯನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಆ ಅಂಕಿಗೆ ಅಧಿಕಾರವಿಲ್ಲ.

ಸರಿಯಾದ ದಾರಿ ಒಂದಿದೆ, ಅದು ಪಾಮನಕಲ್ಲೂರಿನ ಒಂದೇ ಓಣಿಯಲ್ಲೂ ಸಿಗಬಹುದು. 2006ರ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ. ಯುಗಾದಿಯ ದಿನ ಹುಟ್ಟಿದ ಹುಡುಗಿಗೆ ಬಾಂಡ್ ಇಲ್ಲ. ಹಬ್ಬ ಮುಗಿದು ವಾರಕ್ಕೆ ಪಕ್ಕದ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಇದೆ. ಇಬ್ಬರದೂ ಅದೇ ಬಡತನ, ಅದೇ ಶಾಲೆ, ಅದೇ ಹತ್ತಿ. ಇಂಥ ಸಾವಿರಾರು ಜೋಡಿಗಳನ್ನು ರಾಜ್ಯದ ತುಂಬ ಹುಡುಕಿ, ಯಾರು ಹತ್ತನೇ ತರಗತಿ ಮುಟ್ಟಿದರು, ಯಾರಿಗೆ ಯಾವಾಗ ಮದುವೆಯಾಯಿತು ಎಂದು ನೋಡಿದರೆ ಬಾಂಡಿನ ಬಲ ಎಷ್ಟೆಂದು ತಿಳಿಯುತ್ತದೆ. ಇದರಲ್ಲೂ ಒಂದು ತೊಡಕಿದೆ. ನಮ್ಮ ಕಡೆ ಮಕ್ಕಳ ಜನ್ಮದಿನಾಂಕ ಎಷ್ಟೋ ಸಲ ಹೆಡ್‌ಮಾಸ್ತರರು ಬರೆದದ್ದು. ಒಂದು ತರಗತಿಯಲ್ಲಿ ಅರ್ಧ ಮಕ್ಕಳು ಜೂನ್ 1ಕ್ಕೆ ಹುಟ್ಟಿರುತ್ತಾರೆ. ಬಾಂಡ್ ಸಿಗುತ್ತದೆಂದು ತಿಳಿದ ಮೇಲೆ ಮಾರ್ಚಿನ ಕೂಸನ್ನು ಏಪ್ರಿಲ್‌ಗೆ ಬರೆಸಿದವರೂ ಇರಬಹುದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಳೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊರದೇಶಗಳಲ್ಲಿ ಈ ಅಳತೆಯ ಕೆಲಸ ಎಚ್ಚರದಿಂದ ನಡೆದಿದೆ. ಮೆಕ್ಸಿಕೊ 1997ರಲ್ಲಿ 'ಪ್ರೊಗ್ರೆಸಾ' ಆರಂಭಿಸಿದಾಗ 506 ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು ಹಣ ಕೊಟ್ಟಿತು, ಉಳಿದ 186ಕ್ಕೆ ಆಮೇಲೆ. ಹೇಗೂ ಎಲ್ಲರಿಗೂ ಒಂದೇ ದಿನ ತಲುಪಿಸಲು ಆಗದು. ತಡವಾಗುವ ಹಳ್ಳಿಗಳೇ ಹೋಲಿಕೆಗೆ ಸಿಕ್ಕವು. ಪ್ರೌಢಶಾಲೆಯ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಹಣ ಕೊಟ್ಟಿತು, ಹೆಚ್ಚು ಫಲ ಕಂಡದ್ದೂ ಆ ಹಂತದಲ್ಲೇ. ಬಾಂಗ್ಲಾದೇಶ 1994ರಲ್ಲಿ ಹಳ್ಳಿಯ ಹುಡುಗಿಯರಿಗೆಲ್ಲ ಪ್ರೌಢಶಾಲೆಯ ಸ್ಟೈಪೆಂಡ್ ಕೊಟ್ಟಿತು. ಹಾಜರಿ ಶೇ 75, ಅಂಕ ಶೇ 45, ಮದುವೆಯಾಗಿರಬಾರದು ಎಂಬ ಷರತ್ತಿನ ಮೇಲೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆಫ್ರಿಕದ ಮಲಾವಿ. 2008-09ರಲ್ಲಿ ಅಲ್ಲಿನ ಜೋಂಬಾ ಜಿಲ್ಲೆಯಲ್ಲಿ ಸಾರಾ ಬೇರ್ಡ್, ಕ್ರೇಗ್ ಮೆಕಿಂಟಾಶ್, ಬೆರ್ಕ್ ಓಜ್ಲರ್ ಎಂಬ ಮೂವರು ಸಂಶೋಧಕರು ಹುಡುಗಿಯರನ್ನು ಬೇರೆಬೇರೆ ಗುಂಪು ಮಾಡಿದರು. ಒಂದು ಗುಂಪಿಗೆ ಶೇ 80 ಹಾಜರಿ ಇದ್ದರೆ ಮಾತ್ರ ಹಣ. ಇನ್ನೊಂದಕ್ಕೆ ಷರತ್ತೇ ಇಲ್ಲ. ಮತ್ತೊಂದಕ್ಕೆ ಹಣವೇ ಇಲ್ಲ. ತಿಂಗಳಿಗೆ ಸರಾಸರಿ 10 ಡಾಲರ್, ಒಂದು ಪಾಲು ಮನೆಗೆ, ಒಂದು ಪಾಲು ಹುಡುಗಿಯ ಕೈಗೇ. ಷರತ್ತಿದ್ದ ಗುಂಪಿನಲ್ಲಿ ಶಾಲೆ ಬಿಡುವುದು ಹೆಚ್ಚು ತಗ್ಗಿತು. ಷರತ್ತಿಲ್ಲದ ಗುಂಪಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಇಲ್ಲಿಗೇ ನಿಂತಿದ್ದರೆ ಷರತ್ತೇ ಸರಿ ಎನ್ನಬಹುದಿತ್ತು. ಆದರೆ ಎಳೆವಯಸ್ಸಿನ ಮದುವೆ, ಬಸಿರು ಗಣನೀಯವಾಗಿ ಕಡಿಮೆಯಾದದ್ದು ಷರತ್ತಿಲ್ಲದ ಗುಂಪಿನಲ್ಲಿ. ಕಾರಣ ಸರಳ. ಶಾಲೆ ಬಿಟ್ಟ ಹುಡುಗಿಗೆ ಷರತ್ತಿನ ಯೋಜನೆ ಹಣ ನಿಲ್ಲಿಸುತ್ತದೆ. ಆಸರೆ ಅತ್ಯಂತ ಬೇಕಾಗಿದ್ದವಳು ಆಕೆಯೇ. ನಮ್ಮ ಗುಳೆ ಹೋಗುವ ಮನೆಗಳನ್ನು ಇದರ ಎದುರು ಇಟ್ಟು ನೋಡಿ. ಹಾಜರಿ ಶೇ 80 ಎಂದು ಗೆರೆ ಎಳೆದರೆ ಮೊದಲು ಹೊರಗೆ ಬೀಳುವುದು ಬೆಂಗಳೂರಿನ ಶೆಡ್ಡಿನಲ್ಲಿ ಮೂರು ತಿಂಗಳು ಕಳೆದು ಬಂದ ಹುಡುಗಿ.

ಮಲಾವಿಯಿಂದ ಕಲಿಯಬೇಕಾದದ್ದು ಇನ್ನೂ ಎರಡಿವೆ. ಶಾಲೆಗೆ ಹೋಗುತ್ತೀಯಾ ಎಂದು ಹುಡುಗಿಯರನ್ನೇ ಕೇಳಿದಾಗ ಬಂದ ಉತ್ತರಕ್ಕೂ ಶಿಕ್ಷಕರು ಹೇಳಿದ್ದಕ್ಕೂ ಅಂತರವಿತ್ತು. ಹುಡುಗಿಯರ ಮಾತನ್ನೇ ನಂಬಿದ್ದರೆ ಎರಡು ಬಗೆಯ ಹಣದ ನಡುವಿನ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಯಾರನ್ನು ಕೇಳುತ್ತೇವೆ ಎಂಬುದರ ಮೇಲೆ ಫಲಿತಾಂಶ ತಿರುಗುತ್ತದೆ. ಇನ್ನೊಂದು, ಹಣ ನಿಂತ ಕೆಲವು ವರ್ಷಗಳ ನಂತರ ಅದೇ ಸಂಶೋಧಕರು ಮತ್ತೆ ಹೋಗಿ ನೋಡಿದರು. ಷರತ್ತಿಲ್ಲದ ಹಣದ ಫಲ ಬಹುತೇಕ ಕರಗಿಹೋಗಿತ್ತು. ಮೊದಲೇ ಶಾಲೆ ಬಿಟ್ಟಿದ್ದು ಷರತ್ತಿನ ಹಣದಿಂದ ಮರಳಿ ಬಂದ ಹುಡುಗಿಯರಲ್ಲಿ ಮಾತ್ರ ಫಲ ಉಳಿದಿತ್ತು. ಅಂದರೆ ತರಗತಿಯಲ್ಲಿ ಕಳೆದ ವರ್ಷಗಳು ಯಾರಿಗೆ ದಕ್ಕಿದವೋ ಅವರಿಗೆ ಅದು ಆಸ್ತಿಯಾಯಿತು. ಒಂದೇ ಪ್ರಯೋಗ ಎರಡು ಕಡೆಗೂ ಜಗ್ಗುತ್ತದೆ, ಹೌದು. ಒಂದು ಉತ್ತರ ಹಿಡಿದು ಗೆದ್ದೆವೆನ್ನಲು ಅದು ಬಿಡುವುದಿಲ್ಲ.

ಮೊರಾಕೊದಲ್ಲಿ ನಡುವಿನ ದಾರಿಯೊಂದು ಸಿಕ್ಕಿತು. 'ತೈಸೀರ್' ಎಂಬ ಅಲ್ಲಿನ ಯೋಜನೆಯಲ್ಲಿ ಕೆಲವು ಕಡೆ ಹಾಜರಿಯ ಷರತ್ತು ಹಾಕಿದರು, ಕೆಲವು ಕಡೆ 'ಇದು ಮಕ್ಕಳ ಓದಿಗೆ' ಎಂದು ಹೇಳಿ, ಶಾಲೆಯಲ್ಲೇ ಹೆಸರು ಬರೆಸಿ, ಷರತ್ತಿಲ್ಲದೆ ಕೊಟ್ಟರು. ಮೊತ್ತ ಚಿಕ್ಕದು. ಹೆಸರಿಟ್ಟು ಕೊಟ್ಟ ಹಣ ಷರತ್ತಿನ ಹಣಕ್ಕಿಂತ ಕಡಿಮೆ ಕೆಲಸ ಮಾಡಲಿಲ್ಲ. ತಂದೆಯ ಕೈಗೆ ಕೊಟ್ಟರೂ ತಾಯಿಯ ಕೈಗೆ ಕೊಟ್ಟರೂ ಹೆಚ್ಚು ಭೇದ ಕಾಣಲಿಲ್ಲ. ನಮ್ಮ ಊರುಗಳ ಮಟ್ಟಿಗೆ ನಾನು ತಾಯಿಯ ಖಾತೆಯ ಕಡೆಗೇ ಇದ್ದೇನೆ. ತಂದೆಯ ಕೈಗೆ ಬಂದ ಹಣ ಸಂಜೆ ಎಲ್ಲಿ ಹೋಗುತ್ತದೆಂದು ಈ ಸೀಮೆಯ ಹೆಂಗಸರನ್ನು ಕೇಳಿದರೆ ನೀವೂ ಅದನ್ನೇ ಹೇಳುತ್ತೀರಿ.

ಹೊರಗಿನ ಮಾತು ಸಾಕು. ನಮ್ಮ ನೆರೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೇ ಒಂದು ದೊಡ್ಡ ಪರೀಕ್ಷೆ ನಡೆದಿದೆ. ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ 2014ರಿಂದ 'ಸಮತಾ' ಎಂಬ ಕಾರ್ಯಕ್ರಮವನ್ನು ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರಿಗಾಗಿ ನಡೆಸಿತು. ಹಣ ಕೊಡಲಿಲ್ಲ, ತಂದೆತಾಯಿಗಳ ಜೊತೆ, ಹುಡುಗರ ಜೊತೆ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಜೊತೆ ಕೂತು ಕೆಲಸ ಮಾಡಿದರು. 80 ಹಳ್ಳಿಗಳು, ಅರ್ಧದಲ್ಲಿ ಕಾರ್ಯಕ್ರಮ, ಇನ್ನರ್ಧ ಹೋಲಿಕೆಗೆ. ಮೂರು ವರ್ಷದ ಕೊನೆಗೆ ನೋಡಿದರೆ ಒಟ್ಟಾರೆ ಎರಡೂ ಕಡೆಯ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಸುಮಾರು ಕಾಲು ಭಾಗ ಹುಡುಗಿಯರು ಪ್ರೌಢಶಾಲೆಗೆ ಹೋಗಿರಲಿಲ್ಲ ಅಥವಾ ನಡುವೆ ಬಿಟ್ಟಿದ್ದರು. ಆ ಅವಧಿಯಲ್ಲಿ ಎಲ್ಲ ಹಳ್ಳಿಗಳಲ್ಲೂ ಪರಿಸ್ಥಿತಿ ತಾನಾಗಿ ಸುಧಾರಿಸುತ್ತಿತ್ತು. ಹೋಲಿಕೆಯ ಹಳ್ಳಿಗಳು ಇರದಿದ್ದರೆ ಆ ಸುಧಾರಣೆಯನ್ನೆಲ್ಲ ಕಾರ್ಯಕ್ರಮದ ಖಾತೆಗೆ ಬರೆದುಬಿಡಬಹುದಿತ್ತು. ಗೆಲುವಾಗಲಿಲ್ಲ ಎಂದು ಅವರೇ ಪ್ರಕಟಿಸಿದರು. ಇಂಥ ಪ್ರಾಮಾಣಿಕತೆಗೆ ನಮ್ಮಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಸೈಕಲ್ಲಿನ ಮಾತನ್ನೂ ಹೇಳಬೇಕು. ಬಿಹಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಸಂಶೋಧಕರಾದ ಕಾರ್ತಿಕ್ ಮುರಳೀಧರನ್, ನಿಶೀತ್ ಪ್ರಕಾಶ್ ಅದನ್ನು ಪಕ್ಕದ ಜಾರ್ಖಂಡ್ ಜೊತೆ, ಹುಡುಗರ ಜೊತೆ ಹೋಲಿಸಿ ನೋಡಿದರು: ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತ್ತು. ಏರಿಕೆ ಹೆಚ್ಚಾಗಿ ಪ್ರೌಢಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ನಮ್ಮಲ್ಲೂ ಎಂಟನೇ ತರಗತಿಗೆ ಸೈಕಲ್ ಬರುತ್ತಿತ್ತು, ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಈಗ ಶಕ್ತಿ ಯೋಜನೆಯ ಬಸ್ಸಿದೆ, ಟಿಕೆಟ್ಟಿಗೆ ಹಣ ಬೇಕಿಲ್ಲ. ಆದರೆ ಬಸ್ಸು ಬಾರದ ದೊಡ್ಡಿ, ತಾಂಡಾಗಳ ಹುಡುಗಿಗೆ ಬಿಟ್ಟಿ ಟಿಕೆಟ್ಟಿನಿಂದ ಏನು?

ಇವತ್ತು ಪಾಮನಕಲ್ಲೂರಿನ ಬಹುಪಾಲು ಮನೆಗಳಿಗೆ ಬರುವ ದೊಡ್ಡ ಹಣ ಗೃಹಲಕ್ಷ್ಮಿ. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 48.7 ಇತ್ತು. ತಮಗೆ ಸಿಗದ ಅಕ್ಷರ ಮಗಳಿಗೆ ಸಿಗಲಿ ಎಂಬ ಹಂಬಲ ಇರುವ ತಾಯಂದಿರ ಕೈಗೆ ಮೊದಲ ಬಾರಿ ತಿಂಗಳ ಹಣ ಬರುತ್ತಿದೆ. ಇದು ಶಾಲೆಗೆಂದು ಕೊಟ್ಟದ್ದಲ್ಲ, ಷರತ್ತಿಲ್ಲ, ಹೆಸರೂ ಇಲ್ಲ. ಆದರೂ ಹತ್ತಿಯ ತಿಂಗಳುಗಳಲ್ಲಿ ಸಮಯಕ್ಕೆ ಬಂದರೆ ಮಗಳನ್ನು ಟಂಟಂನಿಂದ ಇಳಿಸುವ ಬಲ ಇದಕ್ಕಿದೆ ಎಂದು ನಾನು ನಂಬುತ್ತೇನೆ. ನಂಬಿಕೆ ಸಾಕ್ಷ್ಯವಲ್ಲ, ಅಳೆದು ನೋಡಬೇಕು. ಕಂತುಗಳು ತಡವಾಗಿ ಒಟ್ಟಿಗೆ ಬಂದ ತಿಂಗಳುಗಳಿವೆ. ಆ ತಿಂಗಳುಗಳಲ್ಲಿ ಹುಡುಗಿಯರ ಹಾಜರಿ ಏನಾಯಿತು, ಸಮಯಕ್ಕೆ ಬಂದ ತಿಂಗಳುಗಳಲ್ಲಿ ಏನಾಯಿತು ಎಂದು ಶಾಲೆಗಳ ದಾಖಲೆಯನ್ನೂ ಖಜಾನೆಯ ದಾಖಲೆಯನ್ನೂ ಜೊತೆಗಿಟ್ಟು ನೋಡಲು ಹೊಸ ಸಮೀಕ್ಷೆಯೇನೂ ಬೇಕಿಲ್ಲ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ನಮ್ಮದೇ ಇದೆ. ಈ ಕೆಲಸವನ್ನು ಅದು ಕೈಗೆತ್ತಿಕೊಳ್ಳಬೇಕು.

ವಿದ್ಯಾರ್ಥಿವೇತನಗಳ ವಿಷಯಕ್ಕೆ ಬಂದರೆ, ರೈತ ವಿದ್ಯಾನಿಧಿಯಡಿ 8ರಿಂದ 10ನೇ ತರಗತಿಯ ಹುಡುಗಿಯರಿಗೆ ವರ್ಷಕ್ಕೆ 2,000 ಎಂದು ಘೋಷಣೆಯಾಯಿತು. ಹಣಕ್ಕಿಂತ ಮೊದಲು ಕಾಗದ. ಬಾಂಡಿನಲ್ಲಿ ತೊಟ್ಟಿಲ ಹೆಸರು, ಶಾಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಆಗಿರಬೇಕು. ಒಂದು ಅಕ್ಷರ ತಿದ್ದಿಸಲು ಮಸ್ಕಿಗೆ ಹೋದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಮೂರು ಸಲ ಹೋದರೆ ಆ ವೇತನದ ಅರ್ಧ ಅಲ್ಲಿಗೇ ಮುಗಿಯಿತು. ಯೋಜನೆಯೊಂದನ್ನು ಅಳೆಯುವಾಗ ಈ ಖರ್ಚನ್ನು ಕಳೆಯುವುದೇ ಇಲ್ಲ. ಕಳೆಯಬೇಕು.

ನನ್ನ ತೀರ್ಮಾನ ಹೇಳುತ್ತೇನೆ. 18ಕ್ಕೆ ಬರುವ ಗಂಟು ಇರಲಿ. ಅದರ ಜೊತೆಗೆ ಎಂಟರಿಂದ ಹನ್ನೆರಡನೇ ತರಗತಿಯವರೆಗೆ, ಅಕ್ಟೋಬರಿನಿಂದ ಜನವರಿವರೆಗೆ, ತಿಂಗಳು ತಿಂಗಳು, 'ಇದು ಮಗಳ ಓದಿಗೆ' ಎಂಬ ಹೆಸರಿನಲ್ಲಿ ತಾಯಿಯ ಖಾತೆಗೆ ಹಣ ಬರಬೇಕು. ಗೈರಾದವಳ ಹಣ ನಿಲ್ಲಿಸಬಾರದು, ಆಕೆಯ ಮನೆಗೆ ಮಾಸ್ತರರು ಹೋಗಬೇಕು. ಮೊದಲು ಕೆಲವು ಹೋಬಳಿಗಳಲ್ಲಿ ಕೊಟ್ಟು, ಉಳಿದವುಗಳಿಗೆ ಮರುವರ್ಷ ಕೊಟ್ಟು, ನಡುವಿನ ವ್ಯತ್ಯಾಸವನ್ನು ಬಹಿರಂಗವಾಗಿ ಲೆಕ್ಕ ಹಾಕಬೇಕು. ಫಲ ಕಾಣದಿದ್ದರೆ ಅದನ್ನೂ ಪ್ರಕಟಿಸಬೇಕು.

ಇದೆಲ್ಲ ಆಗುವವರೆಗೆ ನಿಮ್ಮಿಂದ ಆಗುವ ಒಂದು ಕೆಲಸವಿದೆ. ಪ್ರತಿ ವರ್ಷ ನವೆಂಬರಿನ ಹೊತ್ತಿಗೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಹತ್ತಿ ಬಿಡಿಸುವ ತಿಂಗಳಲ್ಲೇ. ಪಾಮನಕಲ್ಲೂರಿನಲ್ಲಿರಲಿ, ಅಮೀನಗಡದಲ್ಲಿರಲಿ, ಅಂಕುಶದೊಡ್ಡಿಯಲ್ಲಿರಲಿ, ಆ ಸಭೆಗೆ ಹೋಗಿ. ಜೂನ್‌ನಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿ ಹೆಸರಿದ್ದ ಹುಡುಗಿಯರು ಎಷ್ಟು, ಆ ವಾರ ತರಗತಿಯಲ್ಲಿ ಕೂತಿದ್ದವರು ಎಷ್ಟು ಎಂದು ಕೇಳಿ. ಎರಡೂ ಸಂಖ್ಯೆಗಳನ್ನು ಪಂಚಾಯಿತಿಯ ನಡಾವಳಿಯಲ್ಲಿ ಬರೆಸಿ, ಮುಂದಿನ ವರ್ಷವೂ ಬರೆಸಿ.